ಅವಿಭಾಜ್ಯ ಸ್ಮೃತಿಕ್ರಿಯೆಗಳ ಪರೀಕ್ಷೆ: ಒಂದು ಚಾರಿತ್ರಿಕ ಅವಲೋಕನ

ಗಣಕವಿಜ್ಞಾನದಲ್ಲಿ ರೂಢಿಯಾಗಿರುವ ‘ಅಟಾಮಿಕ್’ ಎಂಬ ಮಾತಿಗೂ ಅಣುಶಕ್ತಿಗೂ ಯಾವ ಸಂಬಂಧವೂ ಇಲ್ಲ. ಕತ್ತರಿಸಲಾಗದ್ದು ಎಂಬ ಗ್ರೀಕ್ ಮೂಲಾರ್ಥವೇ ಇಲ್ಲಿ ಉಳಿದುಬಂದಿದೆ. ವೈಶೇಷಿಕ ದರ್ಶನದ ಪರಮಾಣುವೂ ಮುಂದೆ ವಿಭಾಗಿಸಲಾಗದ ಘಟಕವೇ ಆದುದರಿಂದ ‘ಪರಮಾಣು ಕ್ರಿಯೆ’ ಎಂದರೂ ಅರ್ಥ ಕೆಡದು. ಆದರೆ ಇಂದಿನ ಓದುಗನ ಮನಸ್ಸು ಆ ಮಾತು ಕೇಳಿದೊಡನೆ ಬೇರೆಡೆಗೆ ಹರಿಯುವುದರಿಂದ ‘ಅವಿಭಾಜ್ಯ ಕ್ರಿಯೆ’ ಎಂಬ ಪದವನ್ನು ಇಲ್ಲಿ ಬಳಸಲಾಗಿದೆ.

ಗಣಕದ ಸ್ಮೃತಿಯ ಒಂದು ಕೋಶದಲ್ಲಿರುವ ಸಂಖ್ಯೆಗೆ ಒಂದನ್ನು ಕೂಡಿಸುವುದು ಮೇಲುನೋಟಕ್ಕೆ ಒಂದೇ ಕೆಲಸ. ವಾಸ್ತವದಲ್ಲಿ ಅದು ಮೂರು ಹಂತಗಳದು: ಓದುವುದು, ಕೂಡಿಸುವುದು, ಮರಳಿ ಬರೆಯುವುದು. ಒಂದೇ ಕ್ರಮವಿಧಿಯ ಎರಡು ಎಳೆಗಳು, ಅಂದರೆ ಥ್ರೆಡ್‌ಗಳು, ಏಕಕಾಲಕ್ಕೆ ಈ ಕೆಲಸಕ್ಕೆ ತೊಡಗಿ ಎರಡೂ ಹಳೆಯ ಸಂಖ್ಯೆಯನ್ನೇ ಓದಿಕೊಂಡರೆ, ಎರಡು ಬಾರಿ ಕೂಡಿಸಿಯೂ ಮೊತ್ತ ಒಂದರಷ್ಟೇ ಏರುತ್ತದೆ. ಮೂರು ಹಂತಗಳ ನಡುವೆ ಅನ್ಯರಾರೂ ಕೈಹಾಕದಂತೆ ಯಂತ್ರವೇ ನೋಡಿಕೊಳ್ಳುವ ಕ್ರಿಯೆ ಅವಿಭಾಜ್ಯ ಕ್ರಿಯೆ. ಬೀಗ, ಸರತಿ, ಉಲ್ಲೇಖ ಎಣಿಕೆ ಮೊದಲಾದ ಸಮಾಂತರ ಗಣನೆಯ ಸಾಧನಗಳೆಲ್ಲವೂ ಇದರ ಮೇಲೆ ನಿಂತಿವೆ. ಇಂತಹ ಕ್ರಿಯೆಗಳನ್ನು ಬಳಸಿ ಬರೆದ ಕ್ರಮವಿಧಿ ಸರಿಯಾಗಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸ ಈ ಲೇಖನದ ವಸ್ತು.

ಈ ಇತಿಹಾಸದ ಆರಂಭದಲ್ಲಿಯೇ ಒಂದು ಎಡವಟ್ಟು ಇದೆ. ಇಬ್ಬರು ಸ್ಪರ್ಧಿಗಳು ಒಂದೇ ಸಂಪನ್ಮೂಲವನ್ನು ಒಬ್ಬರ ನಂತರ ಒಬ್ಬರು ಬಳಸುವಂತೆ ಮಾಡುವ ವಿಧಾನವನ್ನು ಡಚ್ ಗಣಿತಜ್ಞ ಡೆಕ್ಕರ್ ಕಂಡುಕೊಂಡಿದ್ದರು. ಎಡ್ಸ್‌ಖರ್ ಡೈಕ್‌ಸ್ಟ್ರಾ 1965ರಲ್ಲಿ ಅಮೆರಿಕದ ಗಣಕಸಂಘದ ನಿಯತಕಾಲಿಕದಲ್ಲಿ ಪ್ರಕಟಿಸಿದ ಕಿರುಲೇಖನದಲ್ಲಿ ಅದನ್ನು ಎಷ್ಟು ಸ್ಪರ್ಧಿಗಳಿಗಾದರೂ ಅನ್ವಯಿಸುವ ಪರಿಹಾರವನ್ನು ನೀಡಿದರು. ಮರುವರ್ಷವೇ, 1966ರಲ್ಲಿ, ಹ್ಯಾರಿಸ್ ಹೈಮನ್ ಎಂಬವರು ಇಬ್ಬರಿಗಷ್ಟೇ ಸಾಕಾಗುವ ಸರಳ ರೂಪವೊಂದನ್ನು ಅದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ತಪ್ಪಾಗಿತ್ತು. ಒಂದು ವಿಶಿಷ್ಟ ಸರದಿಯಲ್ಲಿ ಇಬ್ಬರೂ ಒಟ್ಟಿಗೆ ಒಳಗೆ ಪ್ರವೇಶಿಸಬಹುದೆಂಬುದನ್ನು ಕೆಲವೇ ತಿಂಗಳಲ್ಲಿ ಡೊನಾಲ್ಡ್ ಕ್ನೂತ್ ತೋರಿಸಿಕೊಟ್ಟರು; ಡೈಕ್‌ಸ್ಟ್ರಾ ಅವರ ಮೂಲ ಪರಿಹಾರದಲ್ಲಿಯೂ ಒಬ್ಬ ಸ್ಪರ್ಧಿ ಅನಂತಕಾಲ ಕಾಯುತ್ತ ಉಳಿಯುವ ಸಾಧ್ಯತೆಯಿದೆಯೆಂಬುದನ್ನು ಅದೇ ಟಿಪ್ಪಣಿಯಲ್ಲಿ ಸೂಚಿಸಿದರು. ಹೈಮನ್ ಅವರ ಕ್ರಮವಿಧಿಯನ್ನು ಯಂತ್ರದಲ್ಲಿ ಸಾವಿರ ಬಾರಿ ಓಡಿಸಿ ನೋಡಿದ್ದರೂ ತಪ್ಪು ಕಾಣಿಸದಿರುವ ಸಂಭವವೇ ಹೆಚ್ಚು. ಕ್ನೂತ್ ಅದನ್ನು ಓಡಿಸಿ ಕಂಡದ್ದಲ್ಲ, ಓದಿ ಕಂಡದ್ದು.

ಯಂತ್ರನಿರ್ಮಾಪಕರು ಅಷ್ಟರಲ್ಲಿ ಬೇರೊಂದು ದಾರಿ ಹಿಡಿದಿದ್ದರು. 1964ರಲ್ಲಿ ಪ್ರಕಟವಾದ ಐಬಿಎಂ ಸಿಸ್ಟಮ್/360ರಲ್ಲಿ ‘ಪರೀಕ್ಷಿಸಿ ಹೊಂದಿಸು’ ಎಂಬ ಆದೇಶವಿತ್ತು. ನಂತರದ ಸಿಸ್ಟಮ್/370ರಲ್ಲಿ ‘ಹೋಲಿಸಿ ಬದಲಿಸು’ ಎಂಬ ಹೆಚ್ಚು ಸಮರ್ಥವಾದ ಆದೇಶ ಸೇರಿತು. ಮೊದಲನೆಯದರಿಂದ ಇಬ್ಬರ ನಡುವಿನ ಒಮ್ಮತವನ್ನು ಮಾತ್ರ ಸಾಧಿಸಬಹುದು, ಎರಡನೆಯದರಿಂದ ಎಷ್ಟು ಮಂದಿಯ ನಡುವೆಯಾದರೂ ಸಾಧಿಸಬಹುದು ಎಂಬುದನ್ನು ಮಾರಿಸ್ ಹರ್ಲಿಹಿ 1991ರಲ್ಲಿ ಗಣಿತದ ಮೂಲಕ ಸಿದ್ಧಪಡಿಸಿದರು.

ಆದರೆ ಅವಿಭಾಜ್ಯತೆಯೊಂದೇ ಸಾಲದು ಎಂಬುದು ನಿಧಾನವಾಗಿ ಹೊರಬಿದ್ದ ಸತ್ಯ. ಲೆಸ್ಲಿ ಲ್ಯಾಂಪೋರ್ಟ್ 1979ರಲ್ಲಿ ಬರೆದ ಎರಡು ಪುಟಗಳ ಲೇಖನ ಇಲ್ಲಿ ಹೆಗ್ಗುರುತು. ಎಲ್ಲ ಎಳೆಗಳ ಕ್ರಿಯೆಗಳನ್ನೂ ಒಂದೇ ಸಾಲಿನಲ್ಲಿ ಹೆಣೆದು ನಡೆಸಿದಂತೆ, ಪ್ರತಿ ಎಳೆಯೊಳಗಿನ ಅನುಕ್ರಮಕ್ಕೂ ಭಂಗಬಾರದಂತೆ, ಯಂತ್ರ ವರ್ತಿಸಿದರೆ ಅದನ್ನು ಅವರು ‘ಅನುಕ್ರಮ ಸಂಗತಿ’ ಎಂದು ಕರೆದರು. ಪ್ರತಿಯೊಂದು ಸಂಸ್ಕಾರಕವೂ ತನ್ನಷ್ಟಕ್ಕೆ ಸರಿಯಾಗಿದ್ದ ಮಾತ್ರಕ್ಕೆ ಅವುಗಳ ಒಕ್ಕೂಟ ಹೀಗೆ ವರ್ತಿಸುತ್ತದೆಂಬ ಭರವಸೆಯಿಲ್ಲ ಎಂಬುದು ಆ ಲೇಖನದ ತಿರುಳು.

ಇದನ್ನು ಒಂದು ಸಣ್ಣ ನಿದರ್ಶನದಿಂದ ವಿವರಿಸಬಹುದು. ಡೆಕ್ಕರ್ ವಿಧಾನದ ತಿರುಳೂ ಇದೇ ಆಗಿರುವುದು ಗಮನಾರ್ಹ. ‘ಕ’ ಮತ್ತು ‘ಚ’ ಎಂಬ ಎರಡು ಕೋಶಗಳಲ್ಲಿಯೂ ಮೊದಲು ಸೊನ್ನೆಯಿದೆ. ಮೊದಲ ಎಳೆ ‘ಕ’ದಲ್ಲಿ 1 ಎಂದು ಬರೆದು ಅನಂತರ ‘ಚ’ವನ್ನು ಓದುತ್ತದೆ, ಎರಡನೆಯದು ‘ಚ’ದಲ್ಲಿ 1 ಎಂದು ಬರೆದು ‘ಕ’ವನ್ನು ಓದುತ್ತದೆ. ಈ ನಾಲ್ಕು ಕ್ರಿಯೆಗಳನ್ನು ಹೇಗೆ ಹೆಣೆದರೂ ಕೊನೆಯಲ್ಲಿ ನಡೆಯುವ ಓದು ಎರಡೂ ಬರಹಗಳ ನಂತರವೇ ಬರುತ್ತದೆ. ಆದುದರಿಂದ ಇಬ್ಬರೂ ಸೊನ್ನೆಯನ್ನೇ ಓದುವುದು ಅಸಾಧ್ಯ. ಹಾಗಿದ್ದರೂ ಮನೆಮನೆಯಲ್ಲಿರುವ ಎಕ್ಸ್86 ಮಾದರಿಯ ಗಣಕದಲ್ಲಿ ಇದನ್ನು ಲಕ್ಷಾಂತರ ಬಾರಿ ಓಡಿಸಿದರೆ ಇಬ್ಬರೂ ಸೊನ್ನೆ ಓದಿದ ಪ್ರಸಂಗಗಳು ಸಿಕ್ಕೇಸಿಗುತ್ತವೆ. ಕಾರಣವಿಷ್ಟೆ: ಸಂಸ್ಕಾರಕ ತಾನು ಬರೆದುದನ್ನು ಒಡನೆಯೇ ಸ್ಮೃತಿಗೆ ತಲುಪಿಸದೆ ತನ್ನದೇ ಆದ ತಾತ್ಕಾಲಿಕ ಸರತಿಯಲ್ಲಿ ಇರಿಸಿಕೊಂಡು ಮುಂದಿನ ಓದಿಗೆ ಹೋಗಿಬಿಡುತ್ತದೆ. ಟಪಾಲನ್ನು ಡಬ್ಬಿಗೆ ಹಾಕಿದವನ ಪಾಲಿಗೆ ಅದು ಹೋದಂತೆಯೇ. ಪಡೆಯಬೇಕಾದವನ ಪಾಲಿಗೆ ಇನ್ನೂ ಬಂದಿಲ್ಲ.

ಇಂತಹ ನಾಲ್ಕಾರು ಸಾಲಿನ ಕ್ರಮವಿಧಿಗಳಿಗೆ ‘ಲಿಟ್ಮಸ್ ಪರೀಕ್ಷೆ’ ಎಂಬ ಹೆಸರು ನೆಲೆಯೂರಿತು. ಬಣ್ಣ ಬದಲಿಸಿ ಆಮ್ಲ, ಪ್ರತ್ಯಾಮ್ಲಗಳನ್ನು ತಿಳಿಸುವ ರಸಾಯನಶಾಸ್ತ್ರದ ಕಾಗದದಂತೆ, ಒಂದು ಫಲಿತಾಂಶ ಕಂಡಿತೋ ಇಲ್ಲವೋ ಎಂಬುದರಿಂದ ಯಂತ್ರದ ಸ್ವಭಾವ ಗೊತ್ತಾಗುತ್ತದೆ ಎಂಬುದು ಉಪಮೆ. ಉಪಮೆ ಅರ್ಧ ಮಾತ್ರ ನಿಜ. ಕಾಗದದ ಬಣ್ಣ ಬದಲಾಗದಿದ್ದರೆ ಆಮ್ಲವಿಲ್ಲವೆನ್ನಬಹುದು. ಇಲ್ಲಿ ಫಲಿತಾಂಶ ಕಾಣದಿದ್ದರೆ ಅದು ಅಸಾಧ್ಯವೆನ್ನಲಾಗದು, ಇನ್ನೂ ಕಂಡಿಲ್ಲವೆಂದಷ್ಟೇ ಹೇಳಬಹುದು. ಐಬಿಎಂ ಸಂಸ್ಥೆಯಲ್ಲಿದ್ದ ವಿಲಿಯಂ ಕಾಲಿಯರ್ 1992ರಲ್ಲಿ ಸಮಾಂತರ ಯಂತ್ರರಚನೆಗಳನ್ನು ಕುರಿತು ಗ್ರಂಥವನ್ನೇ ಬರೆದರು. ಇಂತಹ ಪರೀಕ್ಷೆಗಳನ್ನು ನಡೆಸುವ ‘ಆರ್ಕ್‌ಟೆಸ್ಟ್’ ಎಂಬ ಕ್ರಮವಿಧಿಯನ್ನೂ ರಚಿಸಿದರು. ಒಂದು ಓಟದ ದಾಖಲೆ ಅನುಕ್ರಮ ಸಂಗತಿಗೆ ಹೊಂದುತ್ತದೆಯೇ ಎಂದು ನಿರ್ಣಯಿಸುವ ಸಮಸ್ಯೆಯೇ ಸಾಮಾನ್ಯ ರೂಪದಲ್ಲಿ ಎನ್‌ಪಿ-ಸಂಪೂರ್ಣವೆಂದು, ಅಂದರೆ ದಾಖಲೆ ಬೆಳೆದಂತೆ ಗಣನೆ ಕೈಮೀರುವ ವರ್ಗಕ್ಕೆ ಸೇರಿದ್ದೆಂದು, ಗಿಬ್ಬನ್ಸ್ ಮತ್ತು ಕೊರಾಕ್ 1997ರಲ್ಲಿ ತೋರಿಸಿದರು. ಲಿಟ್ಮಸ್ ಪರೀಕ್ಷೆಗಳು ಚಿಕ್ಕವಾಗಿರುವುದಕ್ಕೆ ಇದೂ ಒಂದು ಕಾರಣ.

1999ರ ಕೊನೆಯಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ರಚನಕಾರರ ನಡುವೆ ನಡೆದ ವಾದವು ಆ ಕಾಲದ ಜ್ಞಾನಸ್ಥಿತಿಗೆ ಕನ್ನಡಿಯಾಗಿದೆ. ಬೀಗವನ್ನು ತೆರೆಯುವಾಗ ದುಬಾರಿಯಾದ ಅವಿಭಾಜ್ಯ ಆದೇಶದ ಬದಲು ಸಾಧಾರಣ ಬರಹವೊಂದು ಸಾಲದೇ ಎಂಬುದು ಪ್ರಶ್ನೆ. ಲಿನಸ್ ಟೊರ್ವಾಲ್ಡ್ಸ್ ಮೊದಲು ಇದು ಸಲ್ಲದೆಂದರು. ಪರೀಕ್ಷೆಯಲ್ಲಿ ತೊಂದರೆ ಕಂಡಿರಲಿಲ್ಲ, ಆದರೆ ಕಾಣದಿದ್ದುದನ್ನು ಪ್ರಮಾಣವೆಂದು ಒಪ್ಪಲು ಯಾರೂ ಸಿದ್ಧರಿರಲಿಲ್ಲ. ಕೊನೆಗೆ ಇಂಟೆಲ್ ಸಂಸ್ಥೆಯ ತಜ್ಞರೊಬ್ಬರು ಯಂತ್ರದ ಒಳಗನ್ನು ಬಲ್ಲವರಾಗಿ ಸಾಧಾರಣ ಬರಹ ಸಾಕೆಂದು ಭರವಸೆಯಿತ್ತ ಮೇಲೆ ವಿವಾದ ಮುಗಿಯಿತು. ಲೋಕದ ಅಸಂಖ್ಯ ಗಣಕಗಳಲ್ಲಿ ನಡೆಯಬೇಕಾದ ಒಂದು ಆದೇಶದ ಸಾಧುತ್ವ ಒಬ್ಬ ವ್ಯಕ್ತಿಯ ಮಾತಿನ ಮೇಲೆ ನಿಂತಿತು. ಕೈಪಿಡಿಯ ಗದ್ಯದಿಂದ ಅದನ್ನು ನಿರ್ಣಯಿಸಲು ಸಾಧ್ಯವಿರಲಿಲ್ಲ.

ಕೈಪಿಡಿಗಳ ಅಸ್ಪಷ್ಟತೆ ಮುಂದಿನ ದಶಕದ ಮುಖ್ಯ ವಿಷಯವಾಯಿತು. ಇಂಟೆಲ್ 2007ರಲ್ಲಿ ಸ್ಮೃತಿಕ್ರಮವನ್ನು ಕುರಿತು ಎಂಟು ಸೂತ್ರಗಳನ್ನೂ ಅವಕ್ಕೆ ಲಿಟ್ಮಸ್ ನಿದರ್ಶನಗಳನ್ನೂ ಪ್ರಕಟಿಸಿತು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪೀಟರ್ ಸೀವೆಲ್, ಸುಸ್ಮಿತ್ ಸರ್ಕಾರ್ ಮೊದಲಾದವರ ತಂಡ ಆ ಸೂತ್ರಗಳನ್ನು ತರ್ಕಭಾಷೆಗೆ ಇಳಿಸಿ 2009ರಲ್ಲಿ ಮಂಡಿಸಿತು. ಅಷ್ಟರಲ್ಲಿಯೇ ಸೂತ್ರಗಳು ನಿಷೇಧಿಸುವ ಫಲಿತಾಂಶವೊಂದು ನಿಜವಾದ ಯಂತ್ರದಲ್ಲಿ ಕಂಡುಬಂದಿತು. ದಾಖಲೆಯನ್ನು ನಿಷ್ಠೆಯಿಂದ ಅನುಸರಿಸಿದ ಮಾದರಿ ಯಂತ್ರಕ್ಕೆ ಹೊಂದಲಿಲ್ಲ. ತಂಡ ತನ್ನ ಮೊದಲ ಮಾದರಿಯನ್ನು ಕೈಬಿಟ್ಟು, ಬರಹದ ಸರತಿಯನ್ನೇ ನೇರವಾಗಿ ಚಿತ್ರಿಸುವ ‘ಎಕ್ಸ್86-ಟಿಎಸ್‌ಓ’ ಮಾದರಿಯನ್ನು ಅದೇ ವರ್ಷ ನೀಡಿತು. ಸನ್ ಸಂಸ್ಥೆಯ ಸ್ಪಾರ್ಕ್ ಸಂಸ್ಕಾರಕಗಳಿಗೆ ಬಹಳ ಹಿಂದೆಯೇ ಹೇಳಿದ್ದ ಮಾದರಿಗೆ ಇದು ಹತ್ತಿರದ್ದೆಂಬುದು ಸ್ವಾರಸ್ಯಕರ. ಒಬ್ಬರ ಸೋಲನ್ನು ಅವರೇ ಪ್ರಕಟಿಸಿ ಮುಂದುವರಿದ ಈ ಪ್ರಸಂಗ ಗಣಕವಿಜ್ಞಾನದಲ್ಲಿ ಪ್ರಯೋಗವಿಜ್ಞಾನದ ಶಿಸ್ತು ಕಾಣಿಸುವ ಅಪರೂಪದ ಎಡೆಗಳಲ್ಲೊಂದು.

ಎಆರ್‌ಎಂ ಮತ್ತು ಐಬಿಎಂ ಪವರ್ ಯಂತ್ರಗಳ ಸ್ಥಿತಿ ಇನ್ನೂ ಜಟಿಲ. ಅಲ್ಲಿ ಓದು, ಬರಹಗಳೆರಡೂ ಹಿಂದುಮುಂದಾಗಬಹುದು. ಜೇಡ್ ಆಲ್ಗ್ಲೇವ್, ಲೂಕ್ ಮರಾಂಜೆ ಹಾಗೂ ಸಂಗಡಿಗರು ಲಿಟ್ಮಸ್ ಪರೀಕ್ಷೆಗಳನ್ನು ಕ್ರಮಬದ್ಧವಾಗಿ ಹುಟ್ಟಿಸುವ ‘ಡಿಐವೈ’ ಮತ್ತು ಅವುಗಳನ್ನು ಯಂತ್ರದಲ್ಲಿ ಕೋಟಿಗಟ್ಟಲೆ ಬಾರಿ ಓಡಿಸುವ ‘ಲಿಟ್ಮಸ್’ ಎಂಬ ಉಪಕರಣಗಳನ್ನು 2010-11ರ ವೇಳೆಗೆ ರೂಪಿಸಿದರು. ಇವುಗಳ ಫಲಗಳಲ್ಲಿ ಒಂದು ವಿಶೇಷ ಗಮನಕ್ಕೆ ಅರ್ಹ. ಒಂದೇ ಎಳೆ ಒಂದೇ ಕೋಶವನ್ನು ಎರಡು ಬಾರಿ ಓದಿದಾಗ ಮೊದಲು ಹೊಸ ಬೆಲೆ, ಆಮೇಲೆ ಹಳೆಯ ಬೆಲೆ ಬರುವುದು ಎಆರ್‌ಎಂ ಮಾದರಿಯಲ್ಲಿ ಸಲ್ಲದು. ಆ ಕಾಲದ ಅನೇಕ ಮೊಬೈಲ್ ಫೋನುಗಳಲ್ಲಿದ್ದ ಕಾರ್ಟೆಕ್ಸ್-ಎ9 ಸಂಸ್ಕಾರಕದಲ್ಲಿ ಇದು ಕಂಡುಬಂದಿತು. ಎಆರ್‌ಎಂ ಸಂಸ್ಥೆ ಅದನ್ನು ಯಂತ್ರಾಂಶದ ದೋಷವೆಂದು ಒಪ್ಪಿ, ಓದಿನ ನಂತರ ತಡೆ ಆದೇಶವನ್ನು ಸೇರಿಸಬೇಕೆಂದು 2011ರಲ್ಲಿ ಸೂಚನೆ ಹೊರಡಿಸಿತು. ಅಲ್ಲಿಯವರೆಗೆ ಪರೀಕ್ಷೆ ಕ್ರಮವಿಧಿಯನ್ನು ಅಳೆಯುವ ಸಾಧನವಾಗಿತ್ತು; ಇಲ್ಲಿ ಅದು ಬೆಳ್ಳಿಬಿಲ್ಲೆಯನ್ನೇ ಒರೆಗೆ ಹಚ್ಚಿತು, ಅಚ್ಚೊತ್ತಿದ ಟಂಕಸಾಲೆಯೇ ತಪ್ಪನ್ನು ಒಪ್ಪಿಕೊಂಡಿತು.

ಯಂತ್ರದ ಕಥೆ ಹೀಗಾದರೆ ಭಾಷೆಯದು ಬೇರೆ. ಕಾರ್ಯಾಚರಣ ವ್ಯವಸ್ಥೆ, ದತ್ತಸಂಚಯ ಮೊದಲಾದವನ್ನು ರಚಿಸುವ ಸಿ, ಸಿ++ನಂತಹ ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಭಾಷೆಗಳ ಲಕ್ಷಣದಲ್ಲಿ ಎಳೆಗಳ ಪ್ರಸ್ತಾಪವೇ ದೀರ್ಘಕಾಲ ಇರಲಿಲ್ಲ; ಅದು ಹೊರಗಿನ ಗ್ರಂಥಾಲಯದ ಕೆಲಸವೆಂದು ಬಿಡಲಾಗಿತ್ತು. ಹಾಗೆ ಬಿಡುವುದು ಸಾಧ್ಯವೇ ಇಲ್ಲವೆಂದು ಹಾನ್ಸ್ ಬೋಮ್ 2005ರಲ್ಲಿ ವಾದಿಸಿದರು. ಪಕ್ಕಪಕ್ಕದ ಎರಡು ಸಣ್ಣ ಕ್ಷೇತ್ರಗಳಲ್ಲಿ ಒಂದಕ್ಕೆ ಬರೆಯುವಾಗ ಕಂಪೈಲರ್ ಇನ್ನೊಂದನ್ನೂ ಓದಿ ಮರಳಿ ಬರೆದರೆ, ಆ ಇನ್ನೊಂದನ್ನು ಬಳಸುತ್ತಿರುವ ಎಳೆಯ ಕೆಲಸ ಅಳಿಸಿಹೋಗುತ್ತದೆ. ಕ್ರಮವಿಧಿಕಾರ ತಪ್ಪು ಮಾಡಿಲ್ಲ. ಎಳೆಗಳನ್ನೇ ಅರಿಯದ ಲಕ್ಷಣದ ಪ್ರಕಾರ ಕಂಪೈಲರ್ ಕೂಡ ತಪ್ಪು ಮಾಡಿಲ್ಲ. ಬೋಮ್ ಮತ್ತು ಸರಿತಾ ಅಡ್ವೆ 2008ರಲ್ಲಿ ಸಿ++ ಭಾಷೆಯ ಸ್ಮೃತಿಮಾದರಿಗೆ ಬುನಾದಿ ಹಾಕಿದರು. ಅಡ್ವೆ ಅವರು ಮಾರ್ಕ್ ಹಿಲ್ ಅವರೊಡನೆ 1990ರಲ್ಲಿ ಮುಂದಿಟ್ಟಿದ್ದ ಒಪ್ಪಂದವೇ ಅದರ ಆಧಾರ: ಎಳೆಗಳ ನಡುವೆ ದತ್ತಾಂಶ ಪೈಪೋಟಿ ಇಲ್ಲದಂತೆ ಕ್ರಮವಿಧಿಕಾರ ನೋಡಿಕೊಂಡರೆ ಯಂತ್ರ ಅನುಕ್ರಮ ಸಂಗತಿಯನ್ನು ತೋರಿಸಬೇಕು.

2011ರ ಸಿ++ ಪ್ರಮಾಣಪತ್ರದಲ್ಲಿ ಅವಿಭಾಜ್ಯ ಕ್ರಿಯೆಗಳು ಭಾಷೆಯ ಅಂಗವಾದವು. ಪ್ರತಿ ಕ್ರಿಯೆಯೊಡನೆಯೂ ಅದಕ್ಕೆ ಬೇಕಾದ ಕ್ರಮದ ಬಿಗಿಯನ್ನು ಸೂಚಿಸಬಹುದು: ‘ರಿಲ್ಯಾಕ್ಸ್‌ಡ್’ ಎಂದರೆ ಅವಿಭಾಜ್ಯತೆ ಮಾತ್ರ; ‘ರಿಲೀಸ್’ ಎಂದು ಬರೆದುದನ್ನು ‘ಅಕ್ವೈರ್’ ಎಂದು ಓದಿದವನಿಗೆ ಬರೆದವನು ಅದಕ್ಕೂ ಮೊದಲು ಮಾಡಿದ್ದೆಲ್ಲವೂ ಕಾಣುತ್ತದೆ; ಎಲ್ಲಕ್ಕಿಂತ ಬಿಗಿಯಾದದ್ದು ಅನುಕ್ರಮ ಸಂಗತಿ. ಈ ಪ್ರಮಾಣವನ್ನು ಮಾರ್ಕ್ ಬ್ಯಾಟಿ ಮತ್ತಿತರರು ಅದೇ ವರ್ಷ ಗಣಿತರೂಪಕ್ಕೆ ತಂದರು. ಅಲ್ಲಿಂದ ಪರೀಕ್ಷೆಗೆ ಹೊಸ ಅರ್ಥ ಬಂದಿತು. ಒಂದು ನಿರ್ದಿಷ್ಟ ಯಂತ್ರ ಏನು ಮಾಡುತ್ತದೆ ಎಂಬುದಕ್ಕಿಂತ, ಮಾದರಿ ಏನೇನನ್ನು ಅನುಮತಿಸುತ್ತದೆ ಎಂಬುದು ಮುಖ್ಯವಾಯಿತು.

2013ರಲ್ಲಿ ಬ್ರಯಾನ್ ನಾರಿಸ್ ಮತ್ತು ಬ್ರಯಾನ್ ಡೆಮ್ಸ್ಕಿ ಪ್ರಕಟಿಸಿದ ‘ಸಿಡಿಎಸ್‌ಚೆಕರ್’ ಈ ಅರ್ಥದ ಪರೀಕ್ಷೆಗೆ ಉತ್ತಮ ನಿದರ್ಶನ. ಅದು ಕ್ರಮವಿಧಿಯನ್ನು ಯಂತ್ರದ ಮರ್ಜಿಗೆ ಬಿಡುವುದಿಲ್ಲ. ಪ್ರತಿ ಓದಿಗೂ ಮಾದರಿ ಅನುಮತಿಸುವ ಬೆಲೆಗಳನ್ನು ಒಂದೊಂದಾಗಿ ಕೊಟ್ಟು ಮತ್ತೆಮತ್ತೆ ನಡೆಸುತ್ತದೆ. ಚೇಸ್ ಮತ್ತು ಲೆವ್ 2005ರಲ್ಲಿ ರಚಿಸಿದ ಕೆಲಸದ ಸರತಿಗೆ ದುರ್ಬಲ ಸ್ಮೃತಿಕ್ರಮದ ಯಂತ್ರಗಳಿಗೆ ಒಗ್ಗುವ ರೂಪವನ್ನು ನುರಿತ ವಿದ್ವಾಂಸರು 2013ರಲ್ಲಿಯೇ ಪ್ರಕಟಿಸಿದ್ದರು. ಅದರ ಎಆರ್‌ಎಂ ರೂಪಕ್ಕೆ ಸಾಧನೆಯೂ ಜೊತೆಗಿತ್ತು. ಸಿ ಭಾಷೆಯ ರೂಪದಲ್ಲಿ ಮಾತ್ರ ಸರತಿಯ ಸಂಗ್ರಹವನ್ನು ಹಿಗ್ಗಿಸುವಾಗ ಇನ್ನೂ ತುಂಬದ ಕೋಶವನ್ನು ಬೇರೆ ಎಳೆ ಓದಬಹುದಾದ ದೋಷವನ್ನು ಈ ಉಪಕರಣ ತೋರಿಸಿತು. ಹೈಮನ್ ಪ್ರಸಂಗಕ್ಕೂ ಇದಕ್ಕೂ ನಡುವೆ 47 ವರ್ಷಗಳ ಅಂತರವಿದೆ. ಆಗ ತಪ್ಪನ್ನು ಕಂಡದ್ದು ಕ್ನೂತ್ ಅವರ ಕಣ್ಣು, ಈಗ ಕಂಡದ್ದು ಉಪಕರಣ. ಎರಡೂ ಸಂದರ್ಭಗಳಲ್ಲಿ ತಪ್ಪು ಅಚ್ಚಾಗಿತ್ತು. ಅದೇ ವರ್ಷ ಮೊರಿಸೆ, ಪವನ್, ಝಪ್ಪಾ ನಾರ್ದೆಲ್ಲಿ ಅವರ ಸಂಶೋಧನೆ ಜಿಸಿಸಿ ಕಂಪೈಲರಿನಲ್ಲಿಯೇ ಇಂತಹ ದೋಷಗಳನ್ನು ಪತ್ತೆಹಚ್ಚಿತು.

ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಆಸಕ್ತಿಯಿಂದ ಆರಂಭಿಸಿ, ಮೊಜಿಲ್ಲಾ ಸಂಸ್ಥೆಯ ಆಶ್ರಯದಲ್ಲಿ ಬೆಳೆದು, 2015ರ ಮೇ 15ರಂದು ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆ ಈ ಪರಂಪರೆಯ ಉತ್ತರಾಧಿಕಾರಿ. ಅದರ ಸುರಕ್ಷಿತ ಭಾಗದಲ್ಲಿ ಬರೆದ ಕ್ರಮವಿಧಿಯಲ್ಲಿ ದತ್ತಾಂಶ ಪೈಪೋಟಿ ಉಂಟಾಗದಂತೆ ಕಂಪೈಲರೇ ತಡೆಯುತ್ತದೆ. ಆದರೆ ಆ ಸುರಕ್ಷತೆಯ ತಳದಲ್ಲಿರುವ ಗ್ರಂಥಾಲಯದ ಸಾಧನಗಳು ಅವಿಭಾಜ್ಯ ಕ್ರಿಯೆಗಳಿಂದಲೇ ಕಟ್ಟಲ್ಪಟ್ಟಿವೆ. ಅವುಗಳಲ್ಲಿ ಸಿ++ನಿಂದ ಪಡೆದ ಕ್ರಮದ ಬಿಗಿಯನ್ನು ಆರಿಸುವಾಗ ಕಂಪೈಲರಿನ ಕಾವಲು ಇಲ್ಲ.

ಇದರ ತೂಕ ‘ಆರ್ಕ್’ ಎಂಬ ಹಂಚಿಕೆಯ ಉಲ್ಲೇಖದಲ್ಲಿ ಸ್ಪಷ್ಟವಾಯಿತು. ಒಂದು ವಸ್ತುವನ್ನು ಎಷ್ಟು ಉಲ್ಲೇಖಗಳು ಹಿಡಿದಿವೆಯೆಂಬ ಎಣಿಕೆಯನ್ನು ಆರ್ಕ್ ಇಟ್ಟುಕೊಳ್ಳುತ್ತದೆ. ತಾನೊಬ್ಬನೇ ಉಳಿದಿರುವೆನೆಂದು ಖಚಿತವಾದವನಿಗೆ ವಸ್ತುವನ್ನು ಬದಲಿಸುವ ಹಕ್ಕನ್ನು ಕೊಡುತ್ತದೆ. ಹೊರಟುಹೋಗುವವನು ಎಣಿಕೆಯನ್ನು ‘ರಿಲೀಸ್’ ಕ್ರಮದಲ್ಲಿ ಇಳಿಸುತ್ತಾನೆ. ಉಳಿದವನು ಅದನ್ನು ‘ಅಕ್ವೈರ್’ ಕ್ರಮದಲ್ಲಿ ಓದಿದರೆ ಮಾತ್ರ ಹೋದವನ ಕೊನೆಯ ಬಳಕೆ ತನ್ನ ಬದಲಾವಣೆಗಿಂತ ಮೊದಲೇ ಮುಗಿದಿದೆಯೆಂಬ ಭರವಸೆ ಸಿಗುತ್ತದೆ. ಗ್ರಂಥಾಲಯದಲ್ಲಿ ಆ ಓದು ‘ರಿಲ್ಯಾಕ್ಸ್‌ಡ್’ ಆಗಿತ್ತು. ಎಕ್ಸ್86 ಯಂತ್ರದಲ್ಲಿ ಸಾಧಾರಣ ಓದೂ ಅಕ್ವೈರ್‌ನಷ್ಟೇ ಬಿಗಿಯಾದುದರಿಂದ ಅಲ್ಲಿ ನಡೆಸಿದ ಓಟಗಳಲ್ಲಿ ಈ ದೋಷ ತಲೆಯೆತ್ತಲು ಆಸ್ಪದವೇ ಕಡಿಮೆ. ಅದು ಸಿಕ್ಕಿದ್ದು ಓಟದಲ್ಲಲ್ಲ. ಹೊಆಂಗ್-ಹಾಯ್ ಡಾಂಗ್, ಜಾಕ್-ಆನ್ರಿ ಜುರ್ದಾಂ, ಯಾನ್-ಆಲಿವರ್ ಕೈಸರ್, ಡೆರೆಕ್ ಡ್ರೇಯರ್ ಇವರು ಈಗ ರಾಕ್ ಎಂದು ಹೆಸರಾಗಿರುವ ಕಾಕ್ ಎಂಬ ಸಾಧನೆ-ಸಹಾಯಕದಲ್ಲಿ ಆರ್ಕ್‌ನ ಸಾಧುತ್ವವನ್ನು ಸಿದ್ಧಪಡಿಸಲು ಹೊರಟಾಗ. ಸಾಧನೆ ಆ ಹಂತದಲ್ಲಿ ಮುಂದೆ ಸಾಗಲಿಲ್ಲ. 2018ರಲ್ಲಿ ಓದಿನ ಕ್ರಮವನ್ನು ಬಿಗಿಗೊಳಿಸಲಾಯಿತು. ಪ್ರಬಂಧ 2020ರಲ್ಲಿ ಪ್ರಕಟವಾಯಿತು.

ಸಾಧನೆಯ ಮಾರ್ಗ ಎಲ್ಲರಿಗೂ ಎಟುಕುವುದಲ್ಲ. ಅದಕ್ಕಾಗಿ ರಸ್ಟ್ ವಲಯದಲ್ಲಿ ಮೂರು ಬಗೆಯ ಉಪಕರಣಗಳು ಬೆಳೆದವು. 2019ರ ‘ಲೂಮ್’ ಸಿಡಿಎಸ್‌ಚೆಕರ್ ಪ್ರಬಂಧದ ವಿಚಾರಗಳನ್ನೇ ಆಧರಿಸಿದ್ದು. ಟೋಕಿಯೋ ಎಂಬ ಗ್ರಂಥಾಲಯದ ಕಾರ್ಯಹಂಚಿಕೆಯನ್ನು ಹೊಸದಾಗಿ ಬರೆಯುವಾಗ ಇತರ ಪರೀಕ್ಷೆಗಳಿಗೆ ಸಿಗದ ಹತ್ತಕ್ಕೂ ಹೆಚ್ಚು ದೋಷಗಳನ್ನು ಅದು ಹಿಡಿಯಿತೆಂದು ರಚನಕಾರರು ದಾಖಲಿಸಿದ್ದಾರೆ. ಎಳೆಗಳ ಸಂಖ್ಯೆ ಏರಿದಂತೆ ಸಾಧ್ಯತೆಗಳು ಸ್ಫೋಟಿಸುವುದರಿಂದ ಲೂಮ್ ಪರೀಕ್ಷೆಗಳು ಎರಡು ಮೂರು ಎಳೆಗಳಲ್ಲಿಯೇ ನಿಲ್ಲಬೇಕಾಗುತ್ತದೆ. ಅಮೆಜಾನ್ ಸಂಸ್ಥೆಯ ‘ಶಟಲ್’ ಇದಕ್ಕೆ ವ್ಯತಿರಿಕ್ತವಾಗಿ ಯಾದೃಚ್ಛಿಕ ಸರದಿಗಳನ್ನು ಆರಿಸಿಕೊಳ್ಳುತ್ತದೆ. ದೊಡ್ಡ ಕ್ರಮವಿಧಿಗಳಿಗೆ ಒಗ್ಗುತ್ತದಾದರೂ ಎಲ್ಲ ಕ್ರಿಯೆಗಳನ್ನೂ ಅನುಕ್ರಮ ಸಂಗತಿಯವೆಂದೇ ಎಣಿಸುವುದರಿಂದ ಆರ್ಕ್‌ನಂತಹ ದೋಷ ಅದರ ಬಲೆಗೆ ಬೀಳದು. ಮೂರನೆಯದಾದ ‘ಮಿರಿ’ ಕ್ರಮವಿಧಿಯನ್ನು ಹಂತಹಂತವಾಗಿ ಅನುಕರಿಸಿ ನಡೆಸುತ್ತದೆ. ಅದಕ್ಕೆ 2020ರಲ್ಲಿ ದತ್ತಾಂಶ ಪೈಪೋಟಿಯ ಪತ್ತೆಯೂ 2022ರಲ್ಲಿ ಹಳೆಯ ಬೆಲೆಗಳನ್ನು ಓದಿಸಿ ನೋಡುವ ಶಕ್ತಿಯೂ ಸೇರಿದವು.

ಉಪಕರಣವೇ ಪರೀಕ್ಷಾವಸ್ತುವನ್ನು ಬದಲಿಸುವ ವಿಚಿತ್ರವೂ ಇಲ್ಲಿದೆ. ಆರ್ಕ್‌ನ ಮೂಲದಲ್ಲಿ ವಸ್ತುವನ್ನು ಅಳಿಸುವ ಮುನ್ನ ಒಂದು ತಡೆ ಆದೇಶವಿದೆ. ಪೈಪೋಟಿ ಪತ್ತೆಹಚ್ಚುವ ‘ಥ್ರೆಡ್‌ಸ್ಯಾನಿಟೈಸರ್’ಗೆ ಇಂತಹ ತಡೆಗಳು ಅರ್ಥವಾಗದೆ ಇಲ್ಲದ ದೋಷವನ್ನು ವರದಿ ಮಾಡುವುದರಿಂದ, ಆ ಉಪಕರಣದಡಿಯಲ್ಲಿ ಮಾತ್ರ ತಡೆಯ ಬದಲು ಅಕ್ವೈರ್ ಓದೊಂದನ್ನು ಬಳಸುವಂತೆ ಬರೆಯಲಾಗಿದೆ. ಹೀಗೆ ಪರೀಕ್ಷೆಗೊಳಗಾಗುವ ಕ್ರಮವಿಧಿಯೂ ಬಳಕೆಗೆ ಬರುವ ಕ್ರಮವಿಧಿಯೂ ಅಕ್ಷರಶಃ ಒಂದೇ ಅಲ್ಲ.

2020ರಲ್ಲಿ ಆ್ಯಪಲ್ ತನ್ನ ಗಣಕಗಳನ್ನು ಎಆರ್‌ಎಂ ಆಧಾರಿತ ಸಂಸ್ಕಾರಕಗಳಿಗೆ ಬದಲಿಸತೊಡಗಿದ ಮೇಲೆ ಕ್ರಮವಿಧಿಕಾರರ ಮೇಜಿನ ಮೇಲೆಯೇ ದುರ್ಬಲ ಸ್ಮೃತಿಕ್ರಮದ ಯಂತ್ರಗಳು ಬಂದು ಕುಳಿತವು. ಎಕ್ಸ್86ರ ಬಿಗಿಯ ಹಿಂದೆ ಮರೆಯಾಗಬಹುದಾಗಿದ್ದ ತಪ್ಪುಗಳಿಗೆ ಆ ಆಸರೆ ತಪ್ಪಿತು. ಮಾದರಿಯೂ ಸ್ಥಿರವಾಗಿ ನಿಂತಿಲ್ಲ. ಸಿ++ನ ಅನುಕ್ರಮ ಸಂಗತಿಯ ವ್ಯಾಖ್ಯೆಯನ್ನು ಪವರ್ ಯಂತ್ರಕ್ಕೆ ಅಳವಡಿಸಿದ ರೀತಿ ಸರಿಯಿಲ್ಲವೆಂದು ಓರಿ ಲಹಾವ್ ಮತ್ತಿತರರು 2017ರಲ್ಲಿ ತೋರಿಸಿದ ಮೇಲೆ 2020ರ ಪ್ರಮಾಣದಲ್ಲಿ ತಿದ್ದುಪಡಿಯಾಯಿತು. ಎರಡು ಎಳೆಗಳು ಪರಸ್ಪರರ ಮುಂದಿನ ಬರಹವನ್ನು ಮೊದಲೇ ಓದಿಕೊಂಡು, ಯಾರೂ ಗಣಿಸದ ಬೆಲೆಯೊಂದು ಶೂನ್ಯದಿಂದ ಹುಟ್ಟಿಬರುವುದನ್ನು ಪ್ರಮಾಣದ ಸೂತ್ರಗಳು ಇನ್ನೂ ನಿಖರವಾಗಿ ನಿಷೇಧಿಸುವುದಿಲ್ಲ; ಅಂತಹ ಬೆಲೆ ಹುಟ್ಟಬಾರದೆಂಬ ಆಶಯವನ್ನಷ್ಟೇ ಗದ್ಯದಲ್ಲಿ ಬರೆದಿಡಲಾಗಿದೆ. ಇನ್ನೂ ನಡೆಯದ ಬರಹವನ್ನು ಓದುವ ಈ ಬಗೆಯ ಓಟಗಳನ್ನು ಮಿರಿ ಹುಟ್ಟಿಸುವುದೇ ಇಲ್ಲ. ಲೂಮ್ ತನ್ನ ಕಡೆಯಿಂದ ಅನುಕ್ರಮ ಸಂಗತಿಯ ಓದುಬರಹಗಳನ್ನು ಅಕ್ವೈರ್-ರಿಲೀಸ್ ಮಟ್ಟದಲ್ಲಿಯೇ ಎಣಿಸುತ್ತದೆ. ಆದುದರಿಂದ ‘ಕ’, ‘ಚ’ ಕೋಶಗಳ ಆ ಹಳೆಯ ಪರೀಕ್ಷೆಯನ್ನು ಅತ್ಯಂತ ಬಿಗಿಯಾದ ಕ್ರಮದಲ್ಲಿಯೇ ಬರೆದುಕೊಟ್ಟರೂ, ಎರಡು ಎಳೆಗಳೂ ಸೊನ್ನೆ ಓದುವುದು ಸಾಧ್ಯವೆಂದು ಅದು ತಪ್ಪಾಗಿ ಎಚ್ಚರಿಸಬಲ್ಲದು.